ಮಾವಶಿಯ ಮೊದಲನೆಯ ‘ಬ್ಯಾಡ’

ನಮ್ಮ ಕಡೆ ಮನೆಗೆ ಬಂದವರು ಮೊದಲ ಸಲ ‘ಬ್ಯಾಡ್ರಿ’ ಎಂದರೆ ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಒತ್ತಾಯ ಮಾಡಬೇಕು, ಅವರು ಇನ್ನೊಮ್ಮೆ ಬ್ಯಾಡ ಎನ್ನಬೇಕು, ಆಮೇಲೆ ತಟ್ಟೆ ಖಾಲಿಯಾಗಬೇಕು. ಧಾರವಾಡದಲ್ಲಿ ಹುಟ್ಟಿ ಹುಬ್ಬಳ್ಳಿಗೆ ಸೊಸೆಯಾಗಿ ಬಂದ ನನ್ನ ಮಾವಶಿ, ಅಂದರೆ ತಾಯಿಯ ತಂಗಿ, ಈ ಶಿಸ್ತನ್ನು ಎಂದೂ ಮುರಿದವಳಲ್ಲ.

ಹೋದ ವರ್ಷ ಅವಳ ಹೃದಯ ದುರ್ಬಲವಾಗಿದೆ, ಇನ್ನು ಸುಧಾರಿಸುವುದಿಲ್ಲ ಎಂದು ಗೊತ್ತಾಯಿತು. ಕೇಶ್ವಾಪುರದ ಆಸ್ಪತ್ರೆಯ ಡಾಕ್ಟರು ಮೈಸೂರು ಕಡೆಯ ಹೆಣ್ಣುಮಗಳು. ಕೊನೆಗಾಲದಲ್ಲಿ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂಬುದನ್ನು ಈಗಲೇ ಕಂಪ್ಯೂಟರ್ ದಾಖಲೆಯಲ್ಲಿ ಬರೆದಿಡೋಣ, ಆಗ ಪಾಳಿಯಲ್ಲಿ ಯಾರಿದ್ದರೂ ತೆರೆದು ನೋಡಬಹುದು ಎಂದರು. ಸಾಕ್ಷಿಯಾಗಿ ನಾನು ಹೋಗಿದ್ದೆ. ಮಾವಶಿಯ ಗಂಡ, ನಮ್ಮ ಕಾಕಾ, ಯಾರೂ ಕರೆಯದೆಯೇ ಮುಂದಿನ ಕುರ್ಚಿ ಹಿಡಿದಿದ್ದರು.

“ಉಸಿರಾಟ ಕಷ್ಟ ಆದಾಗ ಗಂಟಲಿಗೆ ನಳಿಕೆ ಹಾಕಿ ಮಷಿನ್ ಇಡೋದು ಬೇಕಾ, ಅಮ್ಮ?”

“ಬ್ಯಾಡವ್ವಾ.”

ಡಾಕ್ಟರು ‘ಬೇಡ’ ಒತ್ತಿದರು. ಕಾಕಾ ಎದ್ದು ನಿಂತರು.

“ತಡೀರಿ ಡಾಕ್ಟರ, ಅದು ಅಕಿದು ಮೊದಲನೇ ಬ್ಯಾಡ. ಒತ್ತಾಯ ಮಾಡ್ರಿ.”

ಡಾಕ್ಟರು ನನ್ನ ಮುಖ ನೋಡಿದರು. ನಾನು ಪದ್ಧತಿ ವಿವರಿಸಿದೆ. ಅವರು ನಗು ತಡೆದುಕೊಂಡು ಮತ್ತೆ ಕೇಳಿದರು.

“ಬ್ಯಾಡ ಅಂದೆನಲ್ಲಾ,” ಎಂದಳು ಮಾವಶಿ.

“ಸಂಕೋಚ ಮಾಡ್ಕೋಬ್ಯಾಡ,” ಎಂದರು ಕಾಕಾ.

“ಏನ್ರಿ ನೀವು, ಉಂಡಿ ಬಡಸಾಕತ್ತೀರೇನು? ಜೀವ ಇರೂತನಾ ಗುಳಗಿ ತಗೋತೇನಿ. ಆ ನಳಿಗಿ ಬ್ಯಾಡ.”

ಅವಳಿಗೆ ಮಾತಾಡಲು ಆಗದಿದ್ದಾಗ ಅವಳ ಪರವಾಗಿ ಹೇಳುವವರು ಯಾರು ಎಂಬುದು ಮುಂದಿನ ಪ್ರಶ್ನೆ. ಮಾವಶಿ ನನ್ನ ಕಡೆ ಕೈ ತೋರಿಸಿದಳು. ಆಮೇಲೆ ಕಾಕಾ ಕಡೆ ನೋಡಿ ಡಾಕ್ಟರಿಗೆ ಹೇಳಿದಳು.

“ಇವರ ಹೆಸರ ಹಾಕಬ್ಯಾಡವ್ವಾ. ನನ್ನ ಬಾಯಿ ಬಂದ್ ಆಗೂದ ತಡಾ, ನಿಮಗ ಒತ್ತಾಯ ಮಾಡ್ತಾರ.”

ಕಾಕಾ ಕೂತರು. ತರಕಾರಿ ಮಾರುವವನಿಂದ ಹಿಡಿದು ಬ್ಯಾಂಕಿನವರೆಗೆ, ಅವಳ ಪರವಾಗಿ ಮಾತಾಡುತ್ತಲೇ ಬಂದ ಮನುಷ್ಯ.

“ಖರೇ ಐತ್ರಿ,” ಎಂದರು. “ನನಗ ತಡಕೊಳ್ಳಾಕ ಆಗೂದಿಲ್ಲ. ಇವನ ಹೆಸರ ಬರಕೋರ್ರಿ. ನಾ ಬಾಜೂಕ ಕೈ ಹಿಡಕೊಂಡು ಕೂಡ್ತೇನಿ. ಅದಕ್ಕೇನರ ಜಾಗಾ ಐತೇನು ಅದರಾಗ?”

ಇರಲಿಲ್ಲ. ಡಾಕ್ಟರು ‘ಇತರೆ’ ಎಂಬಲ್ಲಿ ಟೈಪ್ ಮಾಡಿ, ಪರದೆಯನ್ನು ಅವರ ಕಡೆ ತಿರುಗಿಸಿದರು. ಕಾಕಾ ಕನ್ನಡಕ ಏರಿಸಿಕೊಂಡು ನಿಧಾನವಾಗಿ ಓದಿದರು.

“ಯಾವ ಕೈ ಅಂತ ಬರದಿಲ್ಲರಿ. ಬಲಗೈಗೆ ನೀವು ಸಲೈನ್ ಹಚ್ಚಿರ್ತೀರಿ.”

‘ಎಡಗೈ’ ಎಂದು ಸೇರಿತು.