ಮರದ ಮಾವ ಆರಿಸಿದ ಮರಗಳು

ಹೋದ ವಾರ ಕವಲಂದೆ ಹತ್ತಿರದ ತೋಪೊಂದರಲ್ಲಿ ಎಳೆಯ ಸರ್ವೆ ಮರಕ್ಕೆ ಗರಗಸ ಹಾಕಿಸಿದ್ದೆ. ಹಸಿ ಮರದ ಒಗರು ವಾಸನೆ ಮೂಗಿಗೆ ಬಡಿಯಿತು. ಜೊತೆಗೇ ಮರದ ಮಾವ ನೆನಪಾದ, ಹಳೆಯ ಸಿಟ್ಟೂ ಬಂತು. ಅವನಿಗೆ ಬಹುವಚನ ಹಾಕಲು ನನ್ನ ನಾಲಿಗೆ ಇವತ್ತಿಗೂ ಒಪ್ಪುವುದಿಲ್ಲ.

ಮಾವ ಅಂದರೆ ಬಂಧುವೇನಲ್ಲ. ಟಿ. ನರಸೀಪುರದ ಪಕ್ಕದ ನಮ್ಮೂರಿಗೆ ಬರುತ್ತಿದ್ದ ಮರದ ವ್ಯಾಪಾರಿ. ಅಪ್ಪ ಅವನನ್ನು ಬಾಯಿತುಂಬ ಭಾವ ಎಂದು ಕರೆಯುತ್ತಿದ್ದರು, ನಮಗೆ ಮಾವನಾದ. ನಿಂತ ತೋಪಿನ ತೂಕ ಅಂದಾಜು ಮಾಡಲು ನಾಲ್ಕಾರು ಮರ ಕಡಿದು ತೂಗುತ್ತಾರೆ, ಅದರ ಮೇಲೆ ಇಡೀ ತೋಪಿನ ಲೆಕ್ಕ. ಯಾವ ಮರ ಕಡಿಯುತ್ತಾರೆ ಎಂಬುದರಲ್ಲೇ ಇರುವುದು ಕಳ್ಳಾಟ.

"ಅನ್ನ ಬೆಂದದಾ ಅಂತ ನೋಡಕ್ಕೆ ಒಂದಗುಳು ಇಸುಕಿದ್ರೆ ಸಾಕಲ್ವಾ ಭಾವ?" ಎನ್ನುತ್ತಾ ಅವನು ನಮ್ಮ ಸರ್ವೆ ತೋಪಿನ ನಾಲೆ ಅಂಚಿಗೆ ನಡೆದ. ಅಲ್ಲಿ ಚೌಳು ನೆಲ, ಮರಗಳೆಲ್ಲ ಕಡ್ಡಿ ಕಡ್ಡಿ. ನೆಂಟನಂತಿದ್ದವನ ಮೇಲೆ ಕಣ್ಣಿಡುವುದು ಸಣ್ಣತನ ಎಂದುಕೊಂಡು ಅಪ್ಪ ಮಜ್ಜಿಗೆ ತರಲು ಮನೆಗೆ ಬಂದರು. ಬರುವಷ್ಟರಲ್ಲಿ ಆ ಕಡ್ಡಿಗಳನ್ನೇ ಕಡಿದು ತೂಗಿಯಾಗಿತ್ತು. ಆ ಲೆಕ್ಕಕ್ಕೇ ಅಪ್ಪ ಇಡೀ ತೋಪು ಬಿಟ್ಟುಕೊಟ್ಟರು. ಅವನು ಹೇಳಿದ ತೂಕದ ಮರವೆಲ್ಲ ಲಾರಿ ಹತ್ತಿದ ಮೇಲೂ ಅರ್ಧ ತೋಪು ಹಾಗೇ ನಿಂತಿತ್ತು. ಇಡೀ ತೋಪಿಗೆ ಮಾತಾಗಿದ್ದರಿಂದ ಅದೂ ಅವನದೇ.

"ಯಾಕ್ ಭಾವ ಇಂಗ್ ಮಾಡ್ದೆ?" ಅಂದರು ಅಪ್ಪ.

"ನೀನೇ ತಾನೆ ಊ ಅಂದಿದ್ದು?" ಎಂದು ನಕ್ಕ.

ಬೀದಿಯವರೂ ನಕ್ಕರು. ಅಪ್ಪ ಮತ್ತೆ ಸಸಿ ನೆಡಲಿಲ್ಲ. ತಾಂಡ್ಯದ ಫ್ಯಾಕ್ಟರಿ ಗೇಟಿನಲ್ಲಿ ವಾಚ್‌ಮನ್ ಆದರು, ಕಂಡ ಕಂಡ ಕಾರಿಗೆಲ್ಲ ಸಲ್ಯೂಟ್ ಹೊಡೆದರು... ನಾನು ಅರಣ್ಯಶಾಸ್ತ್ರ ಓದಿದ್ದು ಕಾಡಿನ ಪ್ರೀತಿಗಲ್ಲ, ಸೇಡಿಗೆ.

ಓದು ಮುಗಿಸಿ ಬಂದವಳು ಊರೂರು ಸುತ್ತಿದೆ. ಮರಗಳ ಸುತ್ತಳತೆ ಹಿಡಿದು ಸಣ್ಣ, ಮಧ್ಯಮ, ದಪ್ಪ ಎಂದು ವಿಂಗಡಿಸಿ, ಮೂರರಿಂದಲೂ ಕಡಿದು ತೂಗಿ ಎಂದು ರೈತರಿಗೆ ಕಲಿಸಿದೆ. ಮಾವನ ವ್ಯಾಪಾರ ಊರಿಂದೂರಿಗೆ ಬತ್ತುತ್ತಾ ಬಂತು. ನನಗೆ ಹಬ್ಬದೂಟ ಉಂಡಷ್ಟು ಖುಷಿ.

ಕೊನೆಗೊಂದು ದಿನ ನಂಜನಗೂಡಿನ ಕಡೆಯ ತೋಪಿನಲ್ಲಿ ಎದುರಾದ. ಮುದುಕನಾಗಿದ್ದ, ಆದರೂ ಕಾಲು ಅಂಚಿನ ಕಡೆಗೇ ಎಳೆಯುತ್ತಿತ್ತು. ಎಲ್ಲರೆದುರು ಅಡ್ಡ ನಿಂತೆ. "ಮಾವ, ಈ ಸಲ ಮರ ನಾನು ಆರಿಸ್ತೀನಿ." ನಡು ತೋಪಿನ ಮರಗಳನ್ನೂ ಕಡಿಸಿ ತೂಗಿಸಿದೆ. ನಿಜವಾದ ತೂಕದ ಬೆಲೆ ಅವನಿಗೆ ಗಿಟ್ಟದೆ ವ್ಯಾಪಾರ ಮುರಿಯಿತು. ಅವನು ಕಣ್ಣು ಕಿರಿದು ಮಾಡಿ ನನ್ನನ್ನೇ ನೋಡಿದ.

"ಯಾರವ್ವ ನೀನು?"

ಅಪ್ಪನ ಹೆಸರು ಹೇಳಿದೆ, ಊರು ಹೇಳಿದೆ, ನಾಲೆ ಅಂಚಿನ ತೋಪು ಎಂದೆ.

"ಗ್ಯಾನ ಬರಾಕಿಲ್ಲ ಕಣವ್ವ. ಅಂತಾ ತೋಪು ಎಷ್ಟ್ ಕಡ್ಸಿದೀನೋ..." ಎಂದು ಟವೆಲ್ ಕೊಡವಿ ಹೊರಟೇಬಿಟ್ಟ.

ಅವನು ತೀರಿಕೊಂಡ ಸುದ್ದಿ ಈಚೆಗೆ ಬಂತು. ಪಾಪ ಅನ್ನಿಸಲಿಲ್ಲ, ಸುಳ್ಳು ಯಾಕೆ ಹೇಳಲಿ? ಆದರೆ ಏನನ್ನೋ ಕಳೆದುಕೊಂಡೆ. ಸಾಯುವ ಮುಂಚೆ ಒಂದೇ ಒಂದು ಸಲ ಅವನಿಗೆ ನನ್ನಪ್ಪ ನೆನಪಾಗಬೇಕಿತ್ತು. ಅಷ್ಟನ್ನೂ ಕೊಡದೆ ಹೋದ.