ಗದ್ದುಗೆಯ ಕಂಬಳಿ ಹಾಯಿಯಾದದ್ದು

ಎದೆಯುಬ್ಬಿಸಿ ಹೇಳಿಕೊಳ್ಳುವಂಥ ಕೆಲಸ ನಾನು ಮಾಡಿರುವುದು ಒಂದೇ. ಆಷಾಢದ ಗಾಳಿಗೆ ಹಾಯಿ ಕಟ್ಟಿ ನಮ್ಮ ಹಿರಿಕೆರೆಯನ್ನು ದಾಟಿದ್ದು. ಆ ಹೆಮ್ಮೆಯ ಅಡಿಯಲ್ಲಿ ಒಂದು ತಪ್ಪು ಮುಚ್ಚಿಕೊಂಡು ಕುಳಿತಿದೆ. ಅದನ್ನೂ ಇವತ್ತು ಬರೆದುಬಿಡುತ್ತೇನೆ.

ನಮ್ಮ ಕೆರೆ ನಂಜನಗೂಡಿಗೂ ನರಸೀಪುರಕ್ಕೂ ನಡುವೆ ಇದೆ. ತುಂಬಿದಾಗ ನಮ್ಮ ಪಡುವಣ ದಡದಿಂದ ನೋಡಿದರೆ ಮೂಡಣದ ಏರಿಯ ಮೇಲೆ ಹೋಗುವ ಎತ್ತಿನ ಗಾಡಿ ಇರುವೆಯಷ್ಟು ಕಾಣುತ್ತದೆ. ಆ ಏರಿಯ ಕೆಳಗಿನ ಊರಿಗೆ ನನ್ನ ಅಕ್ಕನನ್ನು ಕೊಟ್ಟಿತ್ತು. ನಾನಾಗ ಮೈಸೂರಿನಲ್ಲಿ ಹೈಸ್ಕೂಲು ಮುಗಿಸಿ ಊರಿಗೆ ಬಂದಿದ್ದೆ.

ಆ ವರ್ಷ ಭಾವನಿಗೆ ಕಾಲು ಮುರಿದಿತ್ತು. ನಾಟಿಗೆಂದು ಅವರ ಒಟ್ಲುಪಾತಿಯಲ್ಲಿ ಬೆಳೆಸಿದ್ದ ಎಳೆ ಪೈರನ್ನು ದನ ಮೇದುಬಿಟ್ಟಿದ್ದವು. ಅಕ್ಕ ತಾನೇ ಮುಂದಾಗಿ ಮುಯ್ಯಾಳು ಕರೆದಳು. ಮುಯ್ಯಾಳು ಎಂದರೆ ಕೂಲಿಯಿಲ್ಲದೆ ಒಬ್ಬರ ಗದ್ದೆಗೆ ಇನ್ನೊಬ್ಬರು ದುಡಿದು, ಆಮೇಲೆ ಅವರಿಂದ ಅಷ್ಟೇ ಆಳು ಪಡೆಯುವ ಪದ್ಧತಿ. ಹೆಂಗಸು ಕರೆದ ಮುಯ್ಯಾಳಿಗೆ ಯಾರು ಬರುತ್ತಾರೆ ಎಂದು ಅವರೂರಿನ ಗಂಡಸರು ನಕ್ಕಿದ್ದರಂತೆ. ಹೆಂಗಸರೆಲ್ಲ ಬಂದರು. ಪೈರು ಮಾತ್ರ ನಮ್ಮ ಪಾತಿಯಿಂದ ಹೋಗಬೇಕಿತ್ತು. ಹಿಂದಿನ ರಾತ್ರಿಯ ಮಳೆಗೆ ಕೋಡಿ ಬಿದ್ದು ಗಾಡಿದಾರಿ ಕೊಚ್ಚಿಹೋಗಿತ್ತು. ಕಿತ್ತ ಪೈರು ನಮ್ಮ ದಡದಲ್ಲಿ ಕಂತೆ ಕಂತೆಯಾಗಿ ಬಿದ್ದಿತ್ತು. ಹೊತ್ತು ಮೀರಿದರೆ ಬಂದ ಆಳು ಬೇರೆಯವರ ಗದ್ದೆಗೆ ಇಳಿಯುತ್ತಾರೆ. ಅಕ್ಕ ಇನ್ನೊಮ್ಮೆ ಕರೆದರೆ ಯಾರೂ ಬರುವುದಿಲ್ಲ.

ಅಂಬಿಗನ ಹತ್ತಿರ ಹರಿಗೋಲು ಎರಡಿದ್ದವು, ಹುಟ್ಟು ಹಾಕುವವನು ಅವನೊಬ್ಬನೇ. ನಾವು ಅವನನ್ನು ಮಾವ ಎನ್ನುತ್ತಿದ್ದೆವು.

"ಒಂದೊಂದಾಗಿ ಸಾಗಿಸ್ತೀನಿ ಅಂದ್ರೆ ದೀಪ ಅಚ್ಚೋ ಒತ್ತಾಯ್ತದೆ ಅಳಿಮಯ್ಯ," ಎಂದ ಅವನು.

"ಗಾಳಿ ಆ ಕಡೆಗೇ ಬೀಸ್ತಾ ಅದಲ್ಲ ಮಾವ. ಬಟ್ಟೆ ಕಟ್ಟಿದ್ರೆ ಅದೇ ಎಳ್ಕೊಂಡ್ ಓಯ್ತದೆ."

"ಮೈಸೂರಲ್ಲಿ ಇದ್ನೇ ಏನ್ಲಾ ಏಳ್ಕೊಟ್ಟಿದ್ದು?"

ಹಾಯಿದೋಣಿಯನ್ನು ನಾನು ಕಂಡಿದ್ದು ಭೂಗೋಳದ ಪುಸ್ತಕದ ಚಿತ್ರದಲ್ಲಿ ಮಾತ್ರ. ಬಿದಿರು ನೆಟ್ಟು ನನ್ನ ಪಂಚೆಯನ್ನೇ ಕಟ್ಟಿದೆ. ಹರಿಗೋಲು ಮುಂದೆ ಹೋಗಲಿಲ್ಲ, ಗುಂಡಗಿದ್ದುದರಿಂದ ನಿಂತಲ್ಲೇ ಗಿರಗಿರನೆ ತಿರುಗಿತು. ಪಂಚೆ ಹರಿದು ಎರಡಾಯಿತು. ಮಾವ ಹೊಟ್ಟೆ ಹಿಡಿದುಕೊಂಡು ನಕ್ಕ. "ಮೊಸರ್ ಕಡಿಯಕ್ಕೆ ಚೆಂದಾಗದೆ ಕಣ್ಲಾ!"

ಉದ್ದಗಿದ್ದರೆ ತಿರುಗುವುದಿಲ್ಲವೆಂದು ಆಗ ಹೊಳೆಯಿತು. ಎರಡು ಹರಿಗೋಲುಗಳನ್ನು ಹಿಂದೆ ಮುಂದೆ ಇಟ್ಟು, ಅಕ್ಕಪಕ್ಕಕ್ಕೆ ಗಳ ಹಾಕಿ ಬಿಗಿದೆ. ಬೇಕಾಗಿದ್ದದ್ದು ಹರಿಯದ ಬಟ್ಟೆ. ಅಂಥದ್ದು ನಮ್ಮ ಮನೆಯಲ್ಲಿ ಒಂದೇ ಇತ್ತು: ಗದ್ದುಗೆಯ ಕರಿಕಂಬಳಿ. ಮನೆದೇವರ ಕಳಸವನ್ನು ಅದರ ಮೇಲೆಯೇ ಕೂರಿಸುತ್ತಿದ್ದರು. ಅದಕ್ಕೆ ಕಾಲು ತಾಕಬಾರದು, ನೀರು ಸೋಕಬಾರದು.

ಅಪ್ಪ ನರಸೀಪುರದ ಕಚೇರಿಗೆ ಹೋಗಿದ್ದರು. ನಾನು ಓಡಿಹೋಗಿ ಅವ್ವನಿಗೆ, "ಗದ್ದುಗೆ ಕಂಬಳಿ ಕೊಡ್ಬೇಕಂತೆ, ಅಪ್ಪ ಏಳವ್ರೆ" ಎಂದೆ. ಅವ್ವ ನನ್ನ ಮುಖವನ್ನೊಮ್ಮೆ ನೋಡಿದಳು. ಕೈ ತೊಳೆದು ಬಂದು, ಕಂಬಳಿಯನ್ನು ಕಣ್ಣಿಗೊತ್ತಿಕೊಂಡು ಕೊಟ್ಟಳು.

ಹಾಯಿ ಗಾಳಿ ತುಂಬಿಕೊಂಡ ಆ ಗಳಿಗೆ ಈಗಲೂ ನನ್ನ ಅಂಗೈಯಲ್ಲಿದೆ. ಹಗ್ಗ ಎತ್ತು ಜಗ್ಗಿದಂತೆ ಜಗ್ಗಿತು. ಮಾವ ಹಿಂದೆ ಹುಟ್ಟನ್ನು ಅದುಮಿ ಹಿಡಿದು ದಿಕ್ಕು ಕಾಯ್ದ. ಅಲೆ ಒಡೆದು ಪೈರಿನ ಮೇಲೆ ಚಿಮ್ಮಿತು. ನಮ್ಮ ದಡದ ಹುಣಸೆಮರಗಳು ಹಿಂದಕ್ಕೆ ಓಡಿ ಸಣ್ಣಗಾದವು.

"ಅಯ್ಯಯ್ಯೋ, ಕೈ ಆಡಿಸ್ದೇನೇ ಓಯ್ತಾ ಅದಲ್ಲೋ!" ಎಂದು ಮಾವ ಕೂಗಿದ. ಇಷ್ಟು ಹೊತ್ತು ನಕ್ಕವನು ಅವನೇ.

ಏರಿಯ ಮೇಲೆ ಹೆಂಗಸರು ಸಾಲಾಗಿ ನಿಂತಿದ್ದರು. ಅಕ್ಕ ಸೀರೆ ಎತ್ತಿಕಟ್ಟಿ ಎದೆಮಟ್ಟದ ನೀರಿಗಿಳಿದು ಹರಿಗೋಲಿನ ಅಂಚು ಹಿಡಿದಳು. "ನಮ್ಮಪ್ಪನ ಮನೆ ಪೈರು ಕಣ್ರಮ್ಮೀ!" ಎಂದು ಅವರೂರಿಗೆಲ್ಲ ಕೇಳುವಂತೆ ಕೂಗಿದಳು. ಸಂಜೆಗೆ ಗದ್ದೆ ಪೂರ್ತಿ ನಾಟಿಯಾಗಿತ್ತು.

ಅಪ್ಪ ಕಚೇರಿಯಿಂದ ನೇರವಾಗಿ ಅಲ್ಲಿಗೇ ಬಂದರು. ಬದುವಿನ ಮೇಲೆ ಕೆಸರು ಮೆತ್ತಿಕೊಂಡು ಒಣಗುತ್ತಿದ್ದ ಕಂಬಳಿಯನ್ನು ಕಂಡು ಅವರ ಮುಖ ಕಪ್ಪಿಟ್ಟಿತು.

"ಯಾರ್ಲಾ ಇದ್ನ ಕೊಟ್ಟೋರು?"

"ಅವ್ವ ಕೊಟ್ಳು," ಎಂದೆ.

ಆ ಮಾತು ನಿಜವೇ. ಅದಕ್ಕೇ ಅಷ್ಟು ಸಲೀಸಾಗಿ ಬಾಯಿಂದ ಬಂತು.

ಮನೆಗೆ ಬಂದು ಅಪ್ಪ ಕೇಳಿದಾಗ ಅವ್ವ ನನ್ನ ಕಡೆ ತಿರುಗಲೂ ಇಲ್ಲ. "ಊಂ, ನಾನೇ ಕೊಟ್ಟೆ. ಮಗಳ ಮರ್ವಾದೆ ಓಯ್ತಿತ್ತು," ಎಂದಳು. ಅಪ್ಪ ಆಮೇಲೆ ಜಗಳವಾಡಲಿಲ್ಲ. ನಂಜನಗೂಡಿಗೆ ಹೋಗಿ ತಪ್ಪುಕಾಣಿಕೆ ಹಾಕಿ ಬಾ ಎಂದಷ್ಟೇ ಹೇಳಿದರು.

ಅವಳನ್ನು ಕರೆದುಕೊಂಡು ಹೋದವನು ನಾನೇ. ಅವ್ವ ಕಪಿಲೆಯಲ್ಲಿ ಮುಳುಗಿ, ಒದ್ದೆ ಸೀರೆಯಲ್ಲಿ ಗುಡಿಯ ಸುತ್ತ ಹೆಜ್ಜೆನಮಸ್ಕಾರ ಹಾಕಿದಳು. ಅವಳ ಮಂಡಿ ತರಚಿ ರಕ್ತ ಬಂತು. ನಾನು ಅವಳ ಒಣಬಟ್ಟೆ ಹಿಡಿದುಕೊಂಡು ಪಕ್ಕದಲ್ಲಿ ನಡೆದೆ.

ಎಲ್ಲ ಮುಗಿದ ಮೇಲೆ ಸೋಪಾನದ ಮೇಲೆ ಕುಳಿತೆವು. "ನಿಮ್ಮಪ್ಪ ಏಳಿಲ್ಲ ಅಂತ ನಂಗೆ ಅವತ್ತೇ ಗೊತ್ತಿತ್ತು," ಎಂದಳು. "ನಿಜ ಏಳಿದ್ರೂ ಕೊಡ್ತಿದ್ದೆ ಕಣ್ಲಾ ಮಗ."

ನಾನು ಅವಳ ಒದ್ದೆ ಸೀರೆಯನ್ನು ಇನ್ನೊಮ್ಮೆ ಹಿಂಡಿದೆ.

"ಓಗ್ಲಿ ಬುಡು. ಊರೋರೆಲ್ಲ ಅದ್ನೇ ಆಡ್ತಾವ್ರೆ, ನಂಗೊಬ್ಳಿಗೆ ಯಾರೂ ಏಳ್ನಿಲ್ಲ. ಎಂಗೋಯ್ತು ನಿನ್ ಹಾಯಿ? ಏಳು."

ನಾನು ಹೇಳಿದೆ. ಗಳ ಬಿಗಿದದ್ದು, ಹಗ್ಗ ಜಗ್ಗಿದ್ದು, ಮಾವ ಕೂಗಿದ್ದು, ಅಕ್ಕ ನೀರಿಗಿಳಿದದ್ದು. ಅವ್ವ ಮಂಡಿ ಒತ್ತಿಕೊಳ್ಳುತ್ತಾ, ನಗುತ್ತಾ ಕೇಳಿದಳು. ತಪ್ಪಾಯಿತು ಎಂಬ ಒಂದು ಮಾತು ಬಿಟ್ಟು ಎಲ್ಲವನ್ನೂ ಹೇಳಿದೆ.