ಅಮ್ಮನಿಗೊಂದು ಗ್ರೌಂಡ್ ಫ್ಲೋರ್

"ಇನ್ಮೇಲೆ ಎಲ್ಲೂ ಅಮ್ಮನ ವಿಷಯ ಹೇಳ್ಬೇಡಿ ಮೇಡಂ" ಎಂದ ಬ್ರೋಕರ್.

ಬಿಳೇಕಹಳ್ಳಿಯ ಅಪಾರ್ಟ್‌ಮೆಂಟ್ ಒಂದರ ಗೇಟಿನ ಹೊರಗೆ ನಿಂತಿದ್ದೆವು. ಮನೆ ಚೆನ್ನಾಗಿತ್ತು. ಲಿಫ್ಟ್ ಇತ್ತು. ಬಾಲ್ಕನಿಗೆ ಬಿಸಿಲು ಬೀಳುತ್ತಿತ್ತು. ಓನರ್ ದಂಪತಿ ನಗುನಗುತ್ತಲೇ ಮಾತಾಡಿಸಿದ್ದರು. ಮನೇಲಿ ಯಾರ್ಯಾರಿದೀರಾ ಎಂದು ಕೇಳಿದಾಗ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನಾನು, ನನ್ನ ಗಂಡ, ಏಳನೇ ಕ್ಲಾಸಿನ ಮಗಳು, ನನ್ನ ಅಮ್ಮ. ಅಮ್ಮನಿಗೆ ಕ್ಯಾನ್ಸರ್. ಇನ್ನು ಟ್ರೀಟ್‌ಮೆಂಟ್ ಬೇಡ, ಮನೆಯಲ್ಲೇ ನೆಮ್ಮದಿಯಾಗಿ ನೋಡಿಕೊಳ್ಳಿ ಅಂದಿದ್ದಾರೆ ಡಾಕ್ಟರು.

ನಗು ಅಲ್ಲಿಗೇ ನಿಂತಿತು. "ಡಿಸ್ಕಸ್ ಮಾಡಿ ಹೇಳ್ತೀವಿ" ಅಂದರು. (ಹಾಗೆಂದವರು ಯಾವತ್ತೂ ಹೇಳುವುದಿಲ್ಲ. ಮನೆ ಹುಡುಕಿದವರಿಗೆಲ್ಲ ಇದು ಗೊತ್ತು.)

"ಏನಾದ್ರೂ ಹೆಚ್ಚುಕಮ್ಮಿ ಆದ್ರೆ, ಜೀವ ಹೋದ ಹೊತ್ತಿನ ನಕ್ಷತ್ರ ನೋಡ್ತಾರೆ ಮೇಡಂ" ಬ್ರೋಕರ್ ವಿವರಿಸಿದ. "ಸರಿಯಿಲ್ಲ ಅಂದ್ರೆ ತಿಂಗಳುಗಟ್ಟಲೆ ಮನೆಗೆ ಬೀಗ ಹಾಕ್ಬೇಕು. ಆಮೇಲೆ ಅಲ್ಲಿಗೆ ಯಾರು ಬಾಡಿಗೆಗೆ ಬರ್ತಾರೆ, ನೀವೇ ಹೇಳಿ."

ಮುಂದಿನ ಮನೆ ಎಲ್ಲಿ ಎಂದು ಕೇಳಿದೆ.

ಇಷ್ಟು ವಾರ ಅಂಕಣ ಯಾಕೆ ಬರಲಿಲ್ಲ ಎಂದು ಕೇಳಿದ್ದೀರಿ. ಹೇಳುತ್ತೇನೆ.

ಆಗ ನಾವಿದ್ದದ್ದು ಹನುಮಂತನಗರದ ಹಳೇ ಕಟ್ಟಡವೊಂದರ ಎರಡನೇ ಮಹಡಿಯಲ್ಲಿ. ಲಿಫ್ಟ್ ಇಲ್ಲ. ಆಸ್ಪತ್ರೆಗೆ ಹೋಗಬೇಕೆಂದರೆ ಅಮ್ಮನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನನ್ನ ಗಂಡ ಮತ್ತು ಕೆಳಗಿನ ಮನೆಯವರು ಹೊತ್ತು ಇಳಿಸುತ್ತಿದ್ದರು. ಅಮ್ಮ ಅಷ್ಟು ಹೊತ್ತೂ ಕಣ್ಣು ಮುಚ್ಚಿಕೊಂಡಿರುತ್ತಿದ್ದಳು. ಭಯಕ್ಕಲ್ಲ, ನಾಚಿಕೆಗೆ.

ಅಮ್ಮ ಸರ್ಕಾರಿ ಆಫೀಸಿನಲ್ಲಿ ಟೈಪಿಸ್ಟ್ ಆಗಿ ರಿಟೈರ್ ಆದವಳು. ಅಪ್ಪ ಬೇಗ ತೀರಿಕೊಂಡರು. ಒಬ್ಬಳೇ ನನ್ನನ್ನು ಬೆಳೆಸಿದಳು, ಬಾಡಿಗೆ ಮನೆಗಳನ್ನು ಬದಲಾಯಿಸುತ್ತಾ. ಬಾಯಿ ಜೋರು. ತರಕಾರಿಯವರ ಹತ್ತಿರ ಚೌಕಾಸಿ ಅವಳ ಹಾಬಿ. ಆದರೆ ಓನರ್ ಎದುರು ಮಾತ್ರ ಬೆಕ್ಕಿನ ಮರಿ. ಗೋಡೆಗೆ ಮೊಳೆ ಹೊಡೆಯಲು ಬಿಟ್ಟವಳಲ್ಲ. "ಬೇರೆಯವರ ಮನೆ ಕಣೆ" ಅನ್ನುತ್ತಿದ್ದಳು.

ಆ ಅಮ್ಮ ಒಂದು ಬೆಳಗ್ಗೆ, ಇಡ್ಲಿಯನ್ನು ತಟ್ಟೆಯಲ್ಲೇ ಬಿಟ್ಟು ಹೇಳಿದಳು: "ನೆಲದ ಮೇಲೆ ಕಾಲಿಡ್ಬೇಕು ಅನ್ಸುತ್ತೆ. ಗೇಟ್ ಹತ್ರ ನಿಂತು ಹೂವಿನವಳನ್ನ ಕರೀಬೇಕು. ಅಷ್ಟೇ ಕಣೆ."

ಅಷ್ಟೇ. ಅದಕ್ಕೇ ಮನೆ ಹುಡುಕಾಟ.

ಆ ವಾರ ಹೇಗಿತ್ತು ಅಂತೀರಾ? ಬೆಳಗ್ಗೆ ಮಗಳ ಡಬ್ಬಿ, ಅಮ್ಮನ ನೋವಿನ ಮಾತ್ರೆಗೆ ಅಲಾರಂ. ಆಫೀಸಿನ ಮೀಟಿಂಗಿನಲ್ಲಿ ಮ್ಯೂಟ್ ಹಾಕಿಕೊಂಡು ಬ್ರೋಕರ್ ಜೊತೆ ಮಾತು. (ಒಮ್ಮೆ ಮ್ಯೂಟ್ ಹಾಕಲು ಮರೆತು, ಬಾತ್‌ರೂಮಿಗೆ ಕಮೋಡ್ ಇದೆಯಾ ಎಂದು ಇಡೀ ಟೀಮಿನ ಮುಂದೆ ಕೇಳಿದೆ.) ಮಧ್ಯೆ ಮಗಳ ಸೈನ್ಸ್ ಮಾಡೆಲ್‌ಗೆ ಥರ್ಮಾಕೋಲ್. ಸಂಜೆಯಾದರೆ ಗೆಳತಿ ರೇಖಾಳ ಸ್ಕೂಟರ್ ಹಿಂದೆ ಕೂತು ಏರಿಯಾ ಸುತ್ತುವುದು. ರೇಖಾ ನನ್ನ ಹೈಸ್ಕೂಲ್ ಗೆಳತಿ, ಬನಶಂಕರಿಯಲ್ಲಿದ್ದಾಳೆ. ತನ್ನ ಮನೆ, ಅತ್ತೆ, ಟ್ಯೂಷನ್ ಮಕ್ಕಳನ್ನೆಲ್ಲ ಬಿಟ್ಟು ನನಗಾಗಿ ಬರುತ್ತಿದ್ದಳು.

ಜೆ.ಪಿ. ನಗರದಲ್ಲಿ "ಪೇಷೆಂಟ್ ಇರೋರು ಬೇಡ" ಎಂದು ನೇರವಾಗಿಯೇ ಅಂದರು. ಬಿಟಿಎಂನಲ್ಲಿ ಸ್ವಲ್ಪ ನಯ. "ತಪ್ಪು ತಿಳ್ಕೋಬೇಡಿ, ಈಗಷ್ಟೇ ಗೃಹಪ್ರವೇಶ ಆಗಿದೆ" ಅಂದರು. ಹೊಸ ಮನೆ, ಪಾಪ.

"ಸುಳ್ಳು ಹೇಳು ಅಂತಿಲ್ಲ ನಾನು" ಎಂದಳು ರೇಖಾ. "ಕೇಳಿದಷ್ಟಕ್ಕೆ ಉತ್ತರ ಕೊಡು."

ಹೊಸಕೆರೆಹಳ್ಳಿಯ ಮನೆ ಸಿಕ್ಕಿದ್ದು ಹೀಗೆ. ಗ್ರೌಂಡ್ ಫ್ಲೋರ್, ಮುಂದೆ ಚಿಕ್ಕ ಅಂಗಳ, ಗೇಟಿನ ಪಕ್ಕ ದಾಸವಾಳ. ಓನರ್ ಜಯಮ್ಮ ಮೇಲಿನ ಮಹಡಿಯಲ್ಲಿದ್ದರು. ಆ ಬೀದಿಯೆಲ್ಲ ಒಂದು ಕಾಲಕ್ಕೆ ಅವರ ಹೊಲವಂತೆ. ರಾಗಿ ಬೆಳೆದ ಜಾಗದಲ್ಲಿ ಈಗ ಬಾಡಿಗೆ ಮನೆಗಳು. ಕಾಫಿ ಕೊಟ್ಟು, ಮಾಮೂಲಿ ಪ್ರಶ್ನೆ ಕೇಳಿದರು.

"ಅಮ್ಮನಿಗೆ ಸ್ವಲ್ಪ ಹುಷಾರಿಲ್ಲ" ಎಂದೆ, ಲೋಟ ನೋಡುತ್ತಾ.

ಜಯಮ್ಮ ನನ್ನ ಮುಖವನ್ನೇ ನೋಡಿದರು. "ಒಂದ್ಸಲ ಕರ್ಕಂಡ್ ಬಾರವ್ವ, ನೋಡಾನ."

ಶನಿವಾರ ಅಮ್ಮ ರೆಡಿಯಾದಳು. ಸಾಸಿವೆ ಬಣ್ಣದ ಕ್ರೇಪ್ ಸೀರೆ. ಮೊಮ್ಮಗಳಿಂದ ಮುಖಕ್ಕೆ ಪೌಡರ್. ಕೂದಲು ಉದುರಿದ ತಲೆಯ ಮೇಲೆ ಸೆರಗು. "ನಿಮ್ಮಪ್ಪ ನನ್ನ ನೋಡಕ್ಕೆ ಬಂದಾಗ್ಲೂ ಇಷ್ಟು ಮೇಕಪ್ ಮಾಡ್ಕೊಂಡಿರ್ಲಿಲ್ಲ" ಎಂದು ನಕ್ಕಳು. ಆಟೋದಲ್ಲಿ ನಾನು ಪಾಠ ಹೇಳಿಕೊಟ್ಟೆ. ಶುಗರ್ ಅಂತ ಹೇಳು, ಮಂಡಿ ನೋವು ಅಂತ ಹೇಳು, ಸಾಕು. ಅಮ್ಮ ತಲೆಯಾಡಿಸಿದಳು.

ಜಯಮ್ಮ ಕೆಳಗೇ ಇಳಿದು ಬಂದರು. ಖಾಲಿ ಹಾಲ್‌ನಲ್ಲಿ ಮೂರು ಕುರ್ಚಿ ಹಾಕಿಸಿದ್ದರು. ಇಬ್ಬರೂ ಹೂವಿನ ರೇಟು, ಸೊಪ್ಪಿನ ರೇಟು ಮಾತಾಡಿದರು. ಅಮ್ಮ ಎರಡು ಗುಟುಕು ಕಾಫಿ ಕುಡಿದು ಲೋಟ ಕೆಳಗಿಟ್ಟಳು.

"ನನ್ನ ಮಗಳು ನಿಮಗೆ ಪೂರ್ತಿ ಹೇಳಿಲ್ಲ" ಎಂದಳು. "ನಂಗೆ ಕ್ಯಾನ್ಸರ್. ಜಾಸ್ತಿ ದಿನ ಇಲ್ಲ. ಆದ್ರೆ ನಿಮ್ಮನೇಲಿ ಏನೂ ಆಗಲ್ಲ. ಟೈಮ್ ಬಂತು ಅಂತ ಗೊತ್ತಾದ ತಕ್ಷಣ ಆಸ್ಪತ್ರೆಗೆ ಹೋಗ್ಬಿಡ್ತೀನಿ. ಮಾತು ಕೊಡ್ತೀನಿ."

ಬಾಡಿಗೆಯ ಕರಾರಿನಲ್ಲಿ ಒಂದು ಷರತ್ತು ಸೇರಿಸಿದಷ್ಟು ಸಲೀಸಾಗಿ ಅಂದುಬಿಟ್ಟಳು. ಜಯಮ್ಮ ಲೋಟಗಳನ್ನೆತ್ತಿಕೊಂಡು ಎದ್ದುಹೋದರು. ಮುಗಿಯಿತು ಅಂದುಕೊಂಡೆ. ಮೆಟ್ಟಿಲ ಹತ್ತಿರ ನಿಂತು, ತಿರುಗದೆಯೇ ಕೇಳಿದರು: "ಹಾಲು ಯಾವತ್ತು ಉಕ್ಕುಸ್ತೀರಾ?"

ಮುಂದಿನ ವಾರವೇ ಶಿಫ್ಟ್ ಆದೆವು. ಮೊದಲ ಸಂಜೆಯೇ ಅಮ್ಮ ನನ್ನ ಭುಜ ಹಿಡಿದು ಬರಿಗಾಲಲ್ಲಿ ಅಂಗಳಕ್ಕೆ ನಡೆದಳು. ಆಮೇಲೆ ದಿನವೂ ಗೇಟಿನ ಹತ್ತಿರ ಎರಡು ಕುರ್ಚಿ, ಒಂದರಲ್ಲಿ ಅಮ್ಮ, ಇನ್ನೊಂದರಲ್ಲಿ ಜಯಮ್ಮ. ಹೂವಿನವಳ ಜೊತೆ ಇಬ್ಬರೂ ಸೇರಿ ಚೌಕಾಸಿ. ಮೇಲಿನಿಂದ ಬಸ್ಸಾರು ಬರುತ್ತಿತ್ತು. ಅಮ್ಮ ಒಂದೆರಡು ತುತ್ತು ತಿನ್ನುತ್ತಿದ್ದಳು. ಆಫೀಸಿನಿಂದ ಬಂದಾಗ ಅವಳ ನಗು ಬೀದಿಯ ತಿರುವಿಗೇ ಕೇಳಿಸಿದ್ದೂ ಉಂಟು. ಆ ದಿನಗಳು ಇನ್ನಷ್ಟು ಇರಬೇಕಿತ್ತು.

ಇರಲಿಲ್ಲ. ಒಂದು ಬೆಳಗ್ಗೆ ಅಮ್ಮನ ಉಸಿರು ಏರುಪೇರಾಯಿತು. ಮನೆಗೆ ಬಂದು ನೋಡುತ್ತಿದ್ದ ನರ್ಸ್ ನನ್ನನ್ನು ಅಡುಗೆಮನೆಗೆ ಕರೆದರು. "ಆಸ್ಪತ್ರೆಯಲ್ಲಿ ಹೊಸದಾಗಿ ಏನೂ ಮಾಡಲ್ಲ. ಆಕ್ಸಿಜನ್ ಇಲ್ಲೇ ಕೊಡೋಣ. ಇಲ್ಲೇ ಇರ್ಲಿ, ನಿಮ್ಮ ಕೈ ಹಿಡ್ಕೊಂಡು" ಅಂದರು.

ಅಮ್ಮನಿಗೆ ಕೇಳಿಸಿತ್ತು. "ಆಂಬುಲೆನ್ಸ್ ಕರಿ" ಎಂದಳು.

"ಜಯಮ್ಮನ ಹತ್ರ ನಾನು ಮಾತಾಡ್ತೀನಿ ಅಮ್ಮ."

"ಬೇಡ. ಇಲ್ಲ ಅನ್ನಕ್ಕೂ ಆಗಲ್ಲ ಅವಳಿಗೆ, ಹೂಂ ಅನ್ನಕ್ಕೂ ಆಗಲ್ಲ. ಯಾಕೆ ಕಷ್ಟ ಕೊಡ್ತೀಯಾ?" ಉಸಿರು ತೆಗೆದುಕೊಳ್ಳಲು ನಿಂತಳು. "ನೀನು ಮಗೂನ ಕಟ್ಕೊಂಡು ಇನ್ನೊಂದು ಮನೆ ಹುಡುಕ್ಬೇಕಾ?"

ಆಂಬುಲೆನ್ಸ್‌ಗೆ ಫೋನ್ ಮಾಡಿದೆ. ಸ್ಟ್ರೆಚರ್ ಗೇಟು ದಾಟುವಾಗ ಜಯಮ್ಮ ಮೆಟ್ಟಿಲಿಳಿದು ಓಡಿ ಬಂದರು. "ಬೇಗ ಬಂದ್ಬಿಡಕ್ಕ" ಅಂದರು. ಅಮ್ಮ ಕೈ ಎತ್ತಲು ನೋಡಿದಳು.

ಮಾರನೆಯ ದಿನ ಮಧ್ಯಾಹ್ನ ಅಮ್ಮ ಹೋದಳು. ನಾನು ಐಸಿಯು ಹೊರಗೆ ಕೂತಿದ್ದೆ. ಒಳಗೆ ಬಿಡುವ ಸಮಯ ಇನ್ನೂ ಆಗಿರಲಿಲ್ಲ. ಅವಳ ಕೈ ಯಾರೂ ಹಿಡಿದಿರಲಿಲ್ಲ.

ಆಸ್ಪತ್ರೆಯಿಂದ ನೇರ ಚಿತಾಗಾರಕ್ಕೆ ಹೋಗೋಣ ಅಂದುಕೊಂಡಿದ್ದೆವು. ಅಷ್ಟರಲ್ಲಿ ಜಯಮ್ಮನ ಫೋನ್ ಬಂತು. "ಮನೆಗೆ ಕರ್ಕಂಡ್ ಬಾ" ಅಂದರು, ಅಷ್ಟೇ. ಹೋದಾಗ ಅಂಗಳ ತೊಳೆದು ಚಾಪೆ ಹಾಸಿದ್ದರು. ಅಮ್ಮನನ್ನು ಮಲಗಿಸಿದೆವು. ಜಯಮ್ಮ ಪಕ್ಕದಲ್ಲಿ ಕೂತು ಅತ್ತರು, ಒಡಹುಟ್ಟಿದವರಿಗೆ ಅಳುವ ಹಾಗೆ. ರೇಖಾ ನನ್ನ ಮಗಳನ್ನು ತಬ್ಬಿಕೊಂಡು ಗೋಡೆಗೊರಗಿ ನಿಂತಿದ್ದಳು.

ಕಾರ್ಯಗಳೆಲ್ಲ ಮುಗಿದ ಮೇಲೆ ಒಂದು ಸಂಜೆ ಜಯಮ್ಮ ಕೆಳಗೆ ಬಂದು ನನ್ನೆದುರು ಕೂತರು.

"ಆಸ್ಪತ್ರೆಗೆ ಯಾಕವ್ವಾ ಕರ್ಕಂಡೋದೆ? ನಾನೇನ್ ಬ್ಯಾಡ ಅಂದಿದ್ನಾ?"

ಅಂದಿರಲಿಲ್ಲ. ಇಲ್ಲೇ ಇರಲಿ ಎಂದೂ ಅಂದಿರಲಿಲ್ಲ. ನಾನೂ ಕೇಳಿರಲಿಲ್ಲ. ಇಬ್ಬರು ಹೆಂಗಸರು ದಿನವೂ ಗೇಟಿನ ಹತ್ತಿರ ಕೂತು ಲೋಕದ್ದೆಲ್ಲ ಮಾತಾಡಿದರು. ಈ ಒಂದು ಮಾತನ್ನು ಮಾತ್ರ ಇಬ್ಬರೂ ಎತ್ತಲಿಲ್ಲ. ಒಬ್ಬಳು ಓನರ್, ಇನ್ನೊಬ್ಬಳು ಬಾಡಿಗೆಯವಳು. ಎಷ್ಟೇ ಹತ್ತಿರವಾದರೂ ಆ ನಡುವಿನ ಗೆರೆ ಇದ್ದೇ ಇತ್ತೇನೋ. ನಾನೂ ಜಯಮ್ಮನೂ ಕೂತು ಅತ್ತೆವು.

ಈ ಊರಿನಲ್ಲಿ ಬಾಡಿಗೆ ಮನೆಯಲ್ಲೇ ಹುಟ್ಟಬಹುದು, ಓದಬಹುದು, ಮದುವೆಯಾಗಬಹುದು, ಮಕ್ಕಳನ್ನು ಹೆತ್ತು ಬೆಳೆಸಬಹುದು. ಸಾಯಲಿಕ್ಕೆ ಮಾತ್ರ ಸ್ವಂತ ಮನೆಯೇ ಬೇಕೇ?